ಮಂಗಳವಾರ ಎತ್ತದ ಫೋನು

ಪ್ರಾಥಮಿಕ ಶಿಕ್ಷಣದ ಆಡಳಿತದಲ್ಲಿ ಕಟ್ಟಡ ಕಟ್ಟಿಸಿ ಹೆಸರಾದವರಿದ್ದಾರೆ, ಪುಸ್ತಕ ಬರೆಸಿ ಹೆಸರಾದವರಿದ್ದಾರೆ, ಬರಿಯ ಬ್ಯಾನರು ಕಟ್ಟಿಸಿ ಹೆಸರಾದವರಂತೂ ಲೆಕ್ಕವಿಲ್ಲದಷ್ಟಿದ್ದಾರೆ. ಆದರೆ ತರಗತಿಯಲ್ಲಿ ಪಾಠ ಮಾಡುತ್ತಲೇ ಶಾಲೆಯನ್ನೂ ನಡೆಸಬೇಕಾದ ಮುಖ್ಯ ಶಿಕ್ಷಕರಿಗೆ, ಪಠ್ಯಕ್ರಮ ಬದಲಾಗುವ ವರ್ಷಗಳಲ್ಲಾದರೂ ವಾರಕ್ಕೊಂದು ದಿನ ಕುಳಿತು ಓದುವ ಬಿಡುವು ಬೇಕು, ಆ ದಿನ ಅವರ ತರಗತಿಗೆ ಬರುವ ಬದಲಿ ಶಿಕ್ಷಕರ ಸಂಬಳವನ್ನು ಇಲಾಖೆಯೇ ಕೊಡಬೇಕು ಎಂದು ಹಟ ಹಿಡಿದು ಗೆದ್ದವರು, ನಾನು ಕಂಡಂತೆ, ಒಬ್ಬರೇ. ಅವರು ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಕಳೆದ ಶುಕ್ರವಾರ ನಿವೃತ್ತರಾದ ನಮ್ಮ ಯೋಜನಾಧಿಕಾರಿ ಮೇಡಂ. ಕಚೇರಿಯ ಫಲಕದಲ್ಲಿ ಅವರ ಹುದ್ದೆಗೆ ಒಂದೂವರೆ ಸಾಲಿನ ಹೆಸರಿತ್ತು. ನಮ್ಮ ಬಾಯಲ್ಲಿ ಅವರು ‘ಬಿಡುವಿನಮ್ಮ’. ಈ ಅಡ್ಡಹೆಸರು ಅವರಿಗೆ ಗೊತ್ತಿಲ್ಲವೆಂದು ನಾವು ನಲವತ್ತು ಮಂದಿ ಮುಖ್ಯ ಶಿಕ್ಷಕರು ಬಹುಕಾಲ ನಂಬಿದ್ದೆವು. ಮೊದಲ ದಿನದಿಂದಲೇ ಗೊತ್ತಿತ್ತಂತೆ.

ಅವರ ಈ ಅಭಿನಂದನ ಸಂಪುಟದ ಸಂಪಾದಕರು ನನ್ನಿಂದ ಸಂತೋಷದ ಲೇಖನ ಕೇಳಿದ್ದಾರೆ. ಆದರೆ ಬರೆಯುತ್ತಿರುವ ಈ ಹೊತ್ತಿನಲ್ಲಿ ನನ್ನ ಅರ್ಧ ಗಮನ ಬೇರೆಡೆಯಿದೆ. ಇವತ್ತು ಮಂಗಳವಾರ, ನನ್ನ ಬಿಡುವಿನ ದಿನ. ಇವತ್ತೇ ಬೆಳಗ್ಗೆ ಒಂಬತ್ತೂವರೆಗೆ ಹಣಕಾಸು ಸಮಿತಿ ಸೇರಿದೆ. ಈ ಬಿಡುವು ಇನ್ನೊಂದು ವರ್ಷ ಉಳಿಯುತ್ತದೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಬರುವ ವರ್ಷ ನಾಲ್ಕು ಮತ್ತು ಐದನೆಯ ತರಗತಿಗಳ ಪಾಠಗಳೆಲ್ಲ ಬದಲಾಗುತ್ತವೆ. ನಮ್ಮ ಪರವಾಗಿ ಮಾತಾಡಲು ಆ ಮೇಜಿನ ಮುಂದೆ ಮೇಡಂ ಇಲ್ಲದಿರುವುದು ಇದೇ ಮೊದಲು.

ಅವರ ಹಟದ ಬೇರು ಅವರ ಸೇವೆಯ ಆರಂಭದಲ್ಲೇ ಇದೆ. ಎರಡು ಕೋಣೆಗಳ ಶಾಲೆಯೊಂದರಲ್ಲಿ ಒಂಬತ್ತು ವರ್ಷ ಅವರೇ ಮುಖ್ಯ ಶಿಕ್ಷಕಿ, ಅವರೇ ಮೂರು ತರಗತಿಗಳ ಶಿಕ್ಷಕಿ, ಚಾವಣಿ ಸೋರಿದರೆ ಏಣಿ ತರಿಸುವವರೂ ಅವರೇ. ಪಠ್ಯಕ್ರಮ ಬದಲಾದ ಒಂದು ವರ್ಷ ಹೊಸ ಕೈಪಿಡಿಗಳ ಕಟ್ಟೊಂದು ಬಂತು. ಕೈಬಿಟ್ಟ ಪಾಠಗಳೆಷ್ಟು, ಸೇರಿದ ಪಾಠಗಳೆಷ್ಟು ಎಂಬ ಪಟ್ಟಿ ಅದರೊಳಗಿತ್ತು. ನಾಳೆ ಬಿಚ್ಚಿದರಾಯಿತೆಂದು ಅವರು ಕಟ್ಟನ್ನು ಕುಡಿಯುವ ನೀರಿನ ಡ್ರಮ್ಮಿನ ಕೆಳಗೆ ಎತ್ತರಕ್ಕೆ ಇಟ್ಟರು. ಆ ನಾಳೆ ಬರಲೇ ಇಲ್ಲ, ಅರ್ಧವಾರ್ಷಿಕ ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆ ಹಿಡಿದ ಇಪ್ಪತ್ತಾರು ಮಕ್ಕಳು ಒಟ್ಟಿಗೆ ತಲೆಯೆತ್ತಿ ಅವರ ಮುಖ ನೋಡಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು, “ಮೇಡಂ, ಇದು ನಮ್ದೇ ಪೇಪರ್ರಾ?” ಎಂದು ಕೇಳಿದಳು.

ಮುಂದೆ ತರಬೇತಿ ಕೇಂದ್ರಕ್ಕೆ ಬಂದ ಮೇಲೆ ಈ ಘಟನೆಯನ್ನು ಅವರು ಪ್ರತಿಯೊಂದು ತಂಡಕ್ಕೂ ಹೇಳುತ್ತಿದ್ದರು. ನಾನು ಅವರನ್ನು ಮೊದಲು ಕಂಡದ್ದು ಅಲ್ಲಿಯೇ. ಒಳಗೆ ಉಪನ್ಯಾಸ ನಡೆಯುತ್ತಿದ್ದರೆ ನಾನು ವರಾಂಡದ ಮೆಟ್ಟಿಲ ಮೇಲೆ ಕುಳಿತು, ಸಂಜೆಯೊಳಗೆ ಕಳಿಸಬೇಕಿದ್ದ ಸಂಬಳದ ಪಟ್ಟಿ ತುಂಬುತ್ತಿದ್ದೆ. ಅವರು ಬಂದು ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, “ನೀವು ಒಳಗೆ ಹೋಗಿ ಕೇಳಿ ಸರ್. ಇದನ್ನ ನಾನು ನೋಡ್ಕೋತೀನಿ” ಎಂದರು. ಮಧ್ಯಾಹ್ನದ ಊಟ ಬಿಟ್ಟು, ಗುಮಾಸ್ತರನ್ನು ಕೂರಿಸಿಕೊಂಡು ಅದನ್ನು ಮುಗಿಸಿದ್ದರು. ನನ್ನ ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದ್ದರು.

ಆರು ವರ್ಷದ ಹಿಂದೆ ಅವರು ಯೋಜನಾಧಿಕಾರಿಯಾದರು. ಎರಡು ವರ್ಷದ ಹಿಂದೆ ಪಠ್ಯಕ್ರಮ ಮತ್ತೆ ಬದಲಾಗತೊಡಗಿತು. ಸಮಿತಿಯ ಅಧ್ಯಕ್ಷರು ಅವರ ಪ್ರಸ್ತಾವ ಓದಿ, “ಹೆಡ್‌ಮಾಸ್ಟರು ಕೂತು ಪುಸ್ತಕ ಓದೋಕೆ ನಾವು ದುಡ್ಡು ಕೊಡ್ಬೇಕಾ?” ಎಂದು ನಕ್ಕರಂತೆ. “ಹೌದು ಸರ್, ಓದೋಕೇ” ಎಂದು ಇವರು ನಗದೆ ಹೇಳಿದರಂತೆ. ಹೊಸ ಪುಸ್ತಕಗಳ ಬಿಡುಗಡೆಯ ಸಮಾರಂಭಕ್ಕೆಂದು ತೆಗೆದಿಟ್ಟಿದ್ದ ಹಣವನ್ನು ಕೊನೆಗೆ ಬಿಡುವಿಗೆ ತಿರುಗಿಸಿಕೊಂಡು ಬಂದರು. ಹಾರ ಹಾಕಿಸಿಕೊಳ್ಳಲು ಸಿದ್ಧರಾಗಿದ್ದ ಹಿರಿಯರೊಬ್ಬರು ಇವರ ಜೊತೆ ಇವತ್ತಿಗೂ ಮಾತು ಬಿಟ್ಟಿದ್ದಾರೆ.

ನಿಯಮಗಳು ಎರಡೇ. ಒಂದು, ಬಿಡುವಿನ ದಿನ ಆಫೀಸಿನ ಕೋಣೆಯಲ್ಲಿ ಕೂರಬಾರದು, ಶಾಲೆಯ ಫೋನು ಎತ್ತಬಾರದು. ಎರಡು, ಏನು ಓದಿದಿರೆಂದು ಡೈರಿಯಲ್ಲಿ ನಾಲ್ಕು ಸಾಲು ಬರೆಯಬೇಕು. ಮಂಗಳವಾರ ಹತ್ತೂವರೆಗೆ ಅವರೇ ನಮ್ಮ ಶಾಲೆಗೆ ಫೋನು ಮಾಡುತ್ತಿದ್ದರು. ನಾನು ಎತ್ತಿದರೆ “ಸಿಕ್ಕಿಬಿದ್ರಲ್ಲ ಸರ್” ಎಂದು ಇಟ್ಟುಬಿಡುತ್ತಿದ್ದರು. ಎತ್ತದಿದ್ದರೆ ಆರು ಸಲ ಬಡಿದು ನಿಲ್ಲುತ್ತಿತ್ತು. ಆರನೆಯದಕ್ಕೆ ನಿಂತರೆ ಅವರೇ ಎಂದು ತಿಳಿಯಬೇಕು.

ಮೊದಲ ವರ್ಷ ನಾನು ಫೋನಿಗೆ ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಅದರ ಕಾರಣ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಮ್ಮ ಮೂರನೆಯ ತರಗತಿಯ ಶಿಕ್ಷಕಿಯ ಗಂಡನಿಗೆ ಆ ವರ್ಷ ಕಾಯಿಲೆ; ಮಂಗಳವಾರ ಆಸ್ಪತ್ರೆಗೆ ಹೋಗಲೇಬೇಕಿತ್ತು. ಬದಲಿ ಶಿಕ್ಷಕಿ ನನ್ನ ತರಗತಿಯಲ್ಲಿ, ನಾನು ಮೂರನೆಯ ತರಗತಿಯಲ್ಲಿ. ಫೋನು ಬಡಿದುಕೊಳ್ಳುತ್ತಿದ್ದುದು ನನಗೆ ಪಾಠದ ನಡುವೆ ಕೇಳಿಸುತ್ತಿತ್ತು. ಡೈರಿಯಲ್ಲಿ ಮಾತ್ರ ದುಂಡಗೆ ‘ಗಣಿತ ಕೈಪಿಡಿಯ ಅಧ್ಯಯನ’ ಎಂದು ಬರೆಯುತ್ತಿದ್ದೆ. ಹಣ ಮಂಜೂರಾದ ಮೇಲೆ ಆ ವರ್ಷ ಸಿಕ್ಕ ಹದಿನಾಲ್ಕು ಮಂಗಳವಾರಗಳಲ್ಲಿ ಒಂಬತ್ತು ಹೀಗೇ ಹೋದವು. ಹೆಂಡತಿ ಡೈರಿ ನೋಡಿ, “ಇಷ್ಟೆಲ್ಲ ಓದ್ತಿದೀರಾ? ಮನೇಲಿ ಪೇಪರ್ ಓದ್ತಾನೇ ನಿದ್ದೆ ಹೋಗ್ತೀರಲ್ಲ” ಎಂದಳು.

ಒಂದು ಮಂಗಳವಾರ ಮೇಡಂ ಫೋನು ಮಾಡುವ ಬದಲು ತಾವೇ ಬಂದರು. ನಾನು ಸೀಮೆಸುಣ್ಣ ಹಿಡಿದು ಮಕ್ಕಳಿಗೆ ಭಾಗಾಕಾರ ಹೇಳುತ್ತಿದ್ದೆ. ಲೆಕ್ಕ ಮುಗಿಯುವವರೆಗೂ ಅವರು ಕಿಟಕಿಯಾಚೆ ನಿಂತೇ ಇದ್ದರು. ಆಮೇಲೆ ಆಫೀಸಿನಲ್ಲಿ ಡೈರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, “ಅಕ್ಷರ ಚೆನ್ನಾಗಿದೆ ಸರ್” ಎಂದರು. ಎಲ್ಲ ಶಾಲೆಗಳ ಡೈರಿಗಳೂ ಮುಂದಿನ ವಾರ ಸಮಿತಿಯ ಮುಂದೆ ಹೋಗಬೇಕಿತ್ತು; ಎರಡನೆಯ ವರ್ಷದ ಹಣ ಅವುಗಳ ಮೇಲೆಯೇ ನಿಂತಿತ್ತು.

“ನಿಜ ಬರೆದ್ರೆ ಹಣ ನಿಂತುಹೋಗುತ್ತೆ ಮೇಡಂ” ಎಂದೆ.

“ಸುಳ್ಳು ಬರೆದ್ರೆ ಹಣ ಬರುತ್ತೆ. ನಿಮಗೆ ಬಿಡುವು ಬರುತ್ತಾ?” ಎಂದರು. “ನೀವು ಓದದೇ ಇದ್ರೆ ಪಾಠನೇ ಆಗದ ಆ ಪೇಪರ್ ಮತ್ತೆ ಮಕ್ಕಳ ಕೈಗೇ ಹೋಗೋದು.”

ಗದರಲಿಲ್ಲ. ನನಗೊಂದು ಹೊಸ ಡೈರಿ ಕೊಟ್ಟು, ನಡೆದದ್ದನ್ನು ನಡೆದ ಹಾಗೆ ಬರೆಯಲು ಹೇಳಿದರು. ಉಳಿದ ಶಾಲೆಗಳಿಗೂ ಹೇಳಿ ಕಳಿಸಿದರು. ಹೊಸದಾಗಿ ಬರೆದುಕೊಟ್ಟವರು ಹತ್ತೊಂಬತ್ತು ಮಂದಿ ಎಂದು ತಿಳಿದಾಗ, ದೇವರಾಣೆಗೂ, ನನಗೆ ನಾಚಿಕೆಗಿಂತ ಮೊದಲು ಸಮಾಧಾನವಾಯಿತು. ಸಮಿತಿಯ ಮುಂದೆ ಅವರು ಹಳೆಯ, ಹೊಸ ಎರಡೂ ಡೈರಿಗಳನ್ನು ಇಟ್ಟರು. ಸಹೋದ್ಯೋಗಿಯೊಬ್ಬರು ರಜೆ ಹಾಕಿದರೆ ಬಿಡುವಿನ ಗತಿಯೇನು ಎಂದು ಮೊದಲೇ ಯೋಚಿಸದಿದ್ದುದು ತಮ್ಮ ತಪ್ಪು, ಮುಖ್ಯ ಶಿಕ್ಷಕರದ್ದಲ್ಲ ಎಂದು ಬರೆದುಕೊಟ್ಟರು. ಸಮಿತಿ ಅವರಿಗೆ ಕಾರಣ ಕೇಳಿ ನೋಟಿಸು ಕೊಟ್ಟಿತು. ಮೂರು ಮೂರು ಶಾಲೆಗಳಿಗೆ ಒಬ್ಬರಂತೆ ಹೆಚ್ಚಿನ ಬದಲಿ ಶಿಕ್ಷಕರನ್ನೂ ಕೊಟ್ಟಿತು, ಒಂದೇ ಒಂದು ವರ್ಷಕ್ಕೆಂದು. ನೋಟಿಸಿನ ವಿಷಯ ಅವರು ನಮಗೆ ಹೇಳಲಿಲ್ಲ. ಅವರ ಕಚೇರಿಯ ಟೈಪಿಸ್ಟು ಬಾಯಿಬಿಟ್ಟ ದಿನ ನನಗೆ ಊಟ ಸೇರಲಿಲ್ಲ. ನಿವೃತ್ತಿಗೆ ಒಂದು ವರ್ಷವಿದ್ದಾಗ, ಅದುವರೆಗೆ ಕಪ್ಪುಚುಕ್ಕೆಯಿಲ್ಲದ ಸೇವಾ ಪುಸ್ತಕದಲ್ಲಿ ನಮ್ಮ ದುಂಡಗಿನ ಅಕ್ಷರಗಳಿಗಾಗಿ ಅವರು ಒಂದನ್ನು ಹಾಕಿಸಿಕೊಂಡಿದ್ದರು.

ಆ ಎರಡನೆಯ ವರ್ಷ ನಾನು ನಿಜವಾಗಿ ಓದಿದೆ. ಭಾಗಾಕಾರವನ್ನು ಇಷ್ಟು ವರ್ಷ ಹಿಂದುಮುಂದಾಗಿ ಕಲಿಸುತ್ತಿದ್ದೆನೆಂದು ಗೊತ್ತಾದದ್ದು ಆಗಲೇ. ಎತ್ತದ ಫೋನಿನ ಮೇಲೆ ಮೇಡಂಗೆ ಮೊದಲಿನ ನಂಬಿಕೆ ಉಳಿದಿರಲಿಲ್ಲ. ಆದ್ದರಿಂದ ಮೂರನೆಯ ನಿಯಮವೊಂದು ಬಂತು: ಸಂಜೆ ನಾಲ್ಕಕ್ಕೆ ನಾನೇ ಫೋನು ಮಾಡಿ ಆ ದಿನ ಓದಿದ ಒಂದು ಸಂಗತಿಯನ್ನು ಅವರಿಗೆ ಹೇಳಬೇಕು. ಒಮ್ಮೊಮ್ಮೆ ಅವರು “ಹೌದಾ? ನಂಗೆ ಗೊತ್ತಿರ್ಲಿಲ್ಲ” ಎನ್ನುತ್ತಿದ್ದರು. ಗೊತ್ತಿತ್ತೆಂದು ನನಗೆ ಅನುಮಾನವಿದೆ.

ಅವರಿಗೆ ಆಯುಸ್ಸು, ಆರೋಗ್ಯ ಕೋರುವುದು ನನ್ನ ಪಾಲಿಗೆ ಸ್ವಾರ್ಥದ ಮಾತೇ. ಅವರ ಕಿವಿ ಚುರುಕಾಗಿರಲಿ, ನಮ್ಮ ಸುಳ್ಳು ಹಿಡಿಯುವ ಕಣ್ಣು ಮಂಜಾಗದಿರಲಿ, ಇಲಾಖೆ ಅವರಿಗೆ ಬಿಡುವು ಕೊಟ್ಟ ಮೇಲೂ ಅವರು ನಮಗೆ ಬಿಡುವು ಕೊಡದಿರಲಿ.

ಇದನ್ನು ನಾನು ಆಫೀಸಿನ ಪಕ್ಕದ ಉಗ್ರಾಣದಲ್ಲಿ, ಸುತ್ತಿಟ್ಟ ನಕಾಶೆಗಳ ನಡುವೆ ಕುಳಿತು ಬರೆಯುತ್ತಿದ್ದೇನೆ. ನಾಲ್ಕನೆಯ ತರಗತಿಯ ಕೈಪಿಡಿಗಳ ಕಟ್ಟನ್ನು ಬಂದ ದಿನವೇ ಬಿಚ್ಚಿದ್ದೇನೆ. ಡೈರಿಯಲ್ಲಿ ಇವತ್ತಿನ ಮೊದಲ ಸಾಲು ‘ಒಂಬತ್ತೂವರೆಯಿಂದ: ಅಭಿನಂದನ ಲೇಖನ’ ಎಂದಿದೆ. ನಿಜ ಬರೆದಿದ್ದೇನೆ.

ಹತ್ತೂವರೆಗೆ ಗೋಡೆಯಾಚೆ ಫೋನು ಬಡಿಯಿತು. ಸಮಿತಿಯ ಸುದ್ದಿಯಿರಬಹುದೆಂದು ಎದ್ದು ಬಾಗಿಲವರೆಗೆ ಹೋದೆ. ಚಿಲಕದ ಮೇಲೆ ಕೈಯಿಟ್ಟು ಎಣಿಸಿದೆ. ಆರಕ್ಕೆ ನಿಂತಿತು. ಶುಕ್ರವಾರ ನಿವೃತ್ತರಾದವರು ಮಂಗಳವಾರವನ್ನು ಮರೆತಿರಲಿಲ್ಲ. ಕಣ್ಣು ಒರೆಸಿಕೊಂಡು ಬಂದು ಕುಳಿತೆ.

ಈಗ ಮತ್ತೆ ಬಡಿಯುತ್ತಿದೆ. ಆರು ದಾಟಿತು, ಏಳು, ಎಂಟು. ಇದು ಅವರದ್ದಲ್ಲ, ಕಚೇರಿಯದ್ದು. ಬಿಡುವು ಉಳಿಯಿತೋ ಹೋಯಿತೋ ಎಂಬುದು ಆ ತಂತಿಯ ತುದಿಯಲ್ಲಿದೆ. ಆದರೆ ಇವತ್ತು ಮಂಗಳವಾರ. ಕೈಪಿಡಿಯ ಮೂವತ್ತೆರಡನೆಯ ಪುಟ ತೆರೆದಿದೆ, ನಾಲ್ಕು ಗಂಟೆಗೆ ನಾನು ಮೇಡಂಗೆ ಒಂದು ಸಂಗತಿ ಹೇಳಬೇಕು. ನಾನು ಏಳುವುದಿಲ್ಲ.