ಸ್ಟೋರಕ್ಕನ ರಜೆ

ಆಸ್ಪತ್ರೆಯ ಔಷಧಿ ಉಗ್ರಾಣ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಸ್ಟೋರಕ್ಕ ಎನ್ನುತ್ತಿದ್ದರು. ತಿಂಗಳಿಗೊಂದು ದಿನ, ಯಾರಿಗೂ ಮುಂಚೆ ಹೇಳದೆ, ಅವಳು ರಜೆ ಹಾಕುತ್ತಿದ್ದಳು. ಹಾಕಿ ಮನೆಯಲ್ಲಿ ಕೂರುತ್ತಿದ್ದಳೇ? ಎಲ್ಲಿಯ ಮಾತು! ಹೊರರೋಗಿಗಳ ಬೆಂಚಿನ ತುದಿಯಲ್ಲಿ ಕೂತು, ತಾನಿಲ್ಲದೆ ಯಾವ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದಳು.

ಮೊದಲ ಸಲ ಅರ್ಧ ಗಂಟೆಯೊಳಗೇ ನರ್ಸು ಏದುಸಿರು ಬಿಡುತ್ತಾ ಬಂದಳು. "ಅಯ್ಯೋ ಅಕ್ಕಾ, ಇಲ್ಲೇ ಇದ್ದೀರಾ! ಬೀಗದಕೈ ಕೊಡಿ, ಸಲೈನ್ ಬೇಕು."

ತಡವಾದದ್ದಕ್ಕೆ ದೊಡ್ಡ ಡಾಕ್ಟರು ನರ್ಸನ್ನು ಗದರಿದರು. ಸ್ಟೋರಕ್ಕ ಅಡ್ಡ ಬಂದಳು. "ಅವಳ್ನ ಬೈದು ಏನು ಬಂತು ಸಾರ್? ಬೀಗದಕೈ ನನ್ನ ಸೊಂಟದಲ್ಲಿ ಇರೋದೇ ತಪ್ಪು."

ಅಂದೇ ಬೀಗದಕೈ ನರ್ಸುಗಳ ಕೋಣೆಯ ಮೊಳೆಗೆ ಹೋಯಿತು. ಮುಂದಿನ ರಜೆಯ ನಂತರ, ಯಾವ ಔಷಧಿ ಎಲ್ಲಿದೆ ಎಂಬ ಪಟ್ಟಿ ಅವಳ ತಲೆಯಿಂದ ಇಳಿದು ಕಪಾಟಿನ ಬಾಗಿಲಿಗೆ ಅಂಟಿತು. ಹೀಗೇ ಹತ್ತು ವರ್ಷ. "ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೋತಿದ್ದಾಳೆ" ಎಂದು ಜೊತೆಯವರು ನಕ್ಕರು.

ಅವಳು ನಿವೃತ್ತಳಾದ ವಾರಕ್ಕೇ ಊರಾಚೆ ಬಸ್ಸು ಮಗುಚಿತು. ಒಂದೇ ಸಲ ನಲವತ್ತು ಗಾಯಾಳುಗಳು ಆಸ್ಪತ್ರೆಗೆ ಬಂದರು, ಎಲ್ಲರೂ ಬದುಕಿಕೊಂಡರು. ಅವಳಿಗೆ ಗೊತ್ತಾದದ್ದು ಮರುದಿನದ ಪೇಪರಿನಿಂದ.

ಸೊಸೆಗೆ ತಡೆಯಲಾಗಲಿಲ್ಲ. "ಅಷ್ಟು ದುಡಿದ್ರಿ ಅತ್ತೆ, ಅಂಥಾ ಹೊತ್ತಲ್ಲಿ ಒಬ್ಬರಾದ್ರೂ ನಿಮಗೆ ಫೋನ್ ಮಾಡಿದ್ರಾ?"

ಸ್ಟೋರಕ್ಕ ಫೋನು ಎತ್ತಿ ಮತ್ತೊಮ್ಮೆ ನೋಡಿದಳು.

"ಒಬ್ಬರೂ ಮಾಡಲಿಲ್ಲ ಕಣೇ!" ಎಂದಳು, ಮುಖ ಅರಳಿಸಿಕೊಂಡು.