ಡಿಕ್ಕಿಯಲ್ಲಿ ಕುಳಿತು ಹೊಗೆ ನೋಡಿದವರು

ಎಣ್ಣೆ ಮೆತ್ತಿದ ಎರಡು ಬರಿಗಾಲು ನಮ್ಮ ಕಾರಿನ ಡಿಕ್ಕಿಯಿಂದ ಹೊರಗೆ ನೇತಾಡುತ್ತಿವೆ. ಅವುಗಳ ಕೆಳಗೆ ಸೈಲೆನ್ಸರ್ ನೀಲಿ ಹೊಗೆ ಉಗುಳುತ್ತಿದೆ. ಕಾಲುಗಳ ಒಡೆಯರು ಬಿಳಿ ಕರವಸ್ತ್ರ ಹಿಡಿದು, ಮೀನುಸಾರಿನ ಹದ ನೋಡುವವರ ಹಾಗೆ ಮೂಗು ಮುಂದೆ ಮಾಡಿ ಕುಳಿತಿದ್ದಾರೆ. ಈ ಚಿತ್ರ ನನ್ನ ತಲೆಯಲ್ಲಿ ಎಷ್ಟು ಸ್ಪಷ್ಟವಾಗಿದೆಯೆಂದರೆ ಅದನ್ನು ನಂಬಲು ನನಗೆ ಹೆದರಿಕೆ. ಏಕೆಂದರೆ ಆಗ ನಾನು ಮುಂದಿನ ಸೀಟಿನಲ್ಲಿದ್ದೆ. ಡಿಕ್ಕಿಯ ಮುಚ್ಚಳ ಎತ್ತಿದ್ದರೆ ಹಿಂದಿನ ಗಾಜಿನಲ್ಲಿ ಮುಚ್ಚಳದ ಹೊರತು ಬೇರೇನೂ ಕಾಣುವುದಿಲ್ಲ. ಗೇಟಿನಲ್ಲಿ ನಿಂತಿದ್ದ ಮಾವ ಹೇಳಿದ್ದನ್ನು ನಾನೇ ಕಂಡದ್ದೆಂದು ಮಾಡಿಕೊಂಡಿರಬೇಕು. ನಿಜಕ್ಕೂ ಬರಿಗಾಲೇ ಆಗಿತ್ತೋ, ಮಾವ ಸೇರಿಸಿದ್ದೋ, ಕೇಳಲು ಈಗ ಮಾವ ಇಲ್ಲ.

ಆ ಕಾಲುಗಳ ಒಡೆಯರು ಕೊಡಿಯಾಲ್‌ಬೈಲಿನಲ್ಲಿ ಹಲಸಿನ ಮರದ ಬುಡದಲ್ಲಿ ತಗಡಿನ ಮಾಡು ಹಾಕಿಕೊಂಡು ಕಾರು ರಿಪೇರಿ ಮಾಡುತ್ತಿದ್ದರು. ಕೊಂಕಣಿ ಮಾತಾಡುವ ಕ್ರೈಸ್ತರನ್ನು ತುಳುವರು ಕರೆಯುವಂತೆ ನಾವೂ ಅವರನ್ನು ‘ಪೊರ್ಬುಗಳು’ ಎನ್ನುತ್ತಿದ್ದೆವು. ಬಾನೆಟ್ ಎತ್ತುವ ಮೊದಲು ಅವರಿಗೆ ಹೊಗೆ ಕಾಣಬೇಕು. ಕಪ್ಪಾದರೆ ಪೆಟ್ರೋಲು ಹೆಚ್ಚು, ಬಿಳಿ ಹೊಗೆ ನಿಲ್ಲದೆ ಬಂದರೆ ಒಳಗೆ ನೀರು ಸೇರಿದೆ, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಣ್ಣವೊಂದೇ ಸಾಲದು ಎಂದು ಸೈಲೆನ್ಸರಿಗೆ ಕರವಸ್ತ್ರ ಹಿಡಿದು, ಅದರ ಮೇಲೆ ಕುಳಿತ ಚುಕ್ಕೆಯನ್ನು ಬೆರಳಿನಿಂದ ತಿಕ್ಕಿ ಮೂಸುತ್ತಿದ್ದರು. ಹಾಗಾಗಿ ಮೂಗಿನ ತುದಿ ಸದಾ ಕಪ್ಪು. ಭಾನುವಾರ ಇಗರ್ಜಿಯ ಬಾಗಿಲಲ್ಲಿ ಹೆಂಡತಿ ಅದನ್ನು ಸೆರಗಿನಿಂದ ಒರೆಸಿಯೇ ಒಳಗೆ ಬಿಡುತ್ತಿದ್ದರಂತೆ.

“ಹೊಗೆ ಸುಳ್ಳು ಹೇಳುವುದಿಲ್ಲ ಮಾಷ್ಟ್ರೇ, ಕಾರಿನ ಯಜಮಾನ ಹೇಳ್ತಾನೆ” ಎನ್ನುವುದು ಅವರ ಮಾತು. ತುಳುವಿನಲ್ಲೇ ಹೇಳಿದ್ದಿರಬೇಕು; ನೆನಪಿನಲ್ಲಿ ಅದು ಕನ್ನಡವಾಗಿಬಿಟ್ಟಿದೆ.

ಎಪ್ಪತ್ತರ ದಶಕದ ಕೊನೆ. ಕಾವೂರಿನ ನಮ್ಮ ಮನೆಯಲ್ಲಿ ನಲವತ್ತು ದಾಟಿದ ಅಮ್ಮ ಕಾರು ಕಲಿಯಲು ಹೊರಟಿದ್ದಳು. ಕಲಿಸಿದ್ದು ಅಪ್ಪ. ಅಮ್ಮನ ಅಣ್ಣ, ಅಂದರೆ ನಮ್ಮ ಮನೆಯಲ್ಲಿ ಕೊನೆಯ ಮಾತು ಯಾರದೋ ಆ ಮಾವ, ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಸೋಮವಾರ ಲೈಸೆನ್ಸಿನ ಪರೀಕ್ಷೆ ಎಂದು ಗೊತ್ತಾದ ವಾರವೇ ಕಾರು ಹೊಗೆ ಬಿಡಲು ಶುರುಮಾಡಿತು. ಎಂತಹ ಹೊಗೆಯೆಂದರೆ ಹಿಂದಿನ ಬಸ್ಸಿನವನು ಹಾರ್ನ್ ಮಾಡುವುದು ಬಿಟ್ಟು ಬೈಯತೊಡಗಿದ.

“ಗೇರು ಗೊತ್ತಿಲ್ಲದೆ ಆಕ್ಸಿಲೇಟರ್ ಒತ್ತಿ ಒತ್ತಿ ಎಂಜಿನ್ ತಿಂದಳು” ಎಂದು ಮಾವ ಕಾರಿನ ಕೀಲಿಯನ್ನು ತಮ್ಮ ಜುಬ್ಬದ ಕಿಸೆಗೆ ಹಾಕಿಕೊಂಡರು. ನಾನು ಭೌತಶಾಸ್ತ್ರದ ಎಂ.ಎಸ್ಸಿ., ಕಾಲೇಜಿನಲ್ಲಿ ಪಾಠ ಮಾಡುವವನು, “ನೀಲಿ ಹೊಗೆ ಎಂದರೆ ಪಿಸ್ಟನ್ ರಿಂಗ್ ಸವೆದದ್ದೇ. ಎಂಜಿನ್ ಬಿಚ್ಚಬೇಕು” ಎಂದು ತೀರ್ಪು ಕೊಟ್ಟೆ. ಅಮ್ಮ ಒಳಗೆ ಹೋಗಿ ಎರಡು ದಿನ ತೆಂಗಿನಕಾಯಿ ಜೋರಾಗಿ ಒಡೆದಳು.

ಶನಿವಾರ ಪೊರ್ಬುಗಳು ಬಸ್ಸಿನಲ್ಲಿ ಬಂದರು. ಕರೆಸಿದ್ದು ಅಮ್ಮನೇ ಇರಬೇಕು.

“ಎಂದಿನಿಂದ ಹೊಗೆ?”

“ಒಂದು ವಾರ ಆಯ್ತು. ರಿಂಗ್ ಹೋಗಿದೆ” ಎಂದೆ.

“ಒಂದು ವಾರದಲ್ಲಿ ರಿಂಗ್ ಸವೆಯುತ್ತದಾ ಮಾಷ್ಟ್ರೇ? ಅದೆಂತ ಸಾಬೂನಾ?” ಎಂದು ನಕ್ಕು, ಮಾವನ ಕಡೆ ಕೈ ಚಾಚಿದರು. “ಕೀ ಕೊಡಿ ಧನಿಗಳೇ. ಅಕ್ಕ ಓಡಿಸಲಿ.”

“ಅವಳಾ? ನೀವು ಓಡಿಸಿ ಪೊರ್ಬುಗಳೇ!”

“ನಾನು ಓಡಿಸಿದ್ರೆ ಹೊಗೆ ಯಾರು ನೋಡುವುದು? ನೀವು ಡಿಕ್ಕಿಯಲ್ಲಿ ಕೂತುಕೊಳ್ತೀರಾ?”

ಮಾವ ಕೀಲಿ ಕೊಟ್ಟರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತಳು. ಲೈಸೆನ್ಸ್ ಇದ್ದ ನಾನು ಪಕ್ಕದಲ್ಲಿ. ಕೆರೆಯ ಕಡೆಯ ಇಳಿಜಾರಿನಲ್ಲಿ ಇಳಿದೆವು, ತಿರುಗಿಸಿ ಏರು ಹತ್ತಿದೆವು. ಹಿಂದಿನಿಂದ ಕೆಮ್ಮಿನ ನಡುವೆ “ನಿಧಾನ ಅಕ್ಕ... ಈಗ ಒತ್ತಿ... ಬಾರೀ ಲಾಯ್ಕ!” ಎಂಬ ಕೂಗು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅಮ್ಮನಿಗೆ ಒಮ್ಮೆಯೂ ಗೇರು ತಪ್ಪಲಿಲ್ಲ. ಇದನ್ನು ಮಾತ್ರ ನಾನು ಪಕ್ಕದಲ್ಲೇ ಕುಳಿತು ಕಂಡದ್ದು.

ಅಂಗಳಕ್ಕೆ ಬಂದು ಇಳಿದವರ ಮುಖ ಮಸಿಯಾಗಿತ್ತು. ಕರವಸ್ತ್ರದ ತುಂಬ ಎಣ್ಣೆಯ ಹನಿ. “ಇಳಿಯುವಾಗಲೂ ಅಷ್ಟೇ, ಹತ್ತುವಾಗಲೂ ಅಷ್ಟೇ ಹೊಗೆ. ರಿಂಗ್ ಹೋದದ್ದಾದ್ರೆ ಹತ್ತುವಾಗ ಹೆಚ್ಚು ಬರಬೇಕಿತ್ತು. ಒಂದು ಚಾ ಸಿಕ್ಕಬಹುದಾ? ಆಯಿಲ್ ಕೆಳಗೆ ಇಳಿಯಲಿ.” ಚಾ ಮುಗಿಸಿ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದರು. ಮೇಲಿನ ಗೆರೆಯನ್ನು ದಾಟಿ ಎರಡು ಬೆರಳಿನಷ್ಟು ಆಯಿಲ್ ಉಂಟು.

“ಯಾರು ಸುರಿದದ್ದು?”

ಅಪ್ಪ ಗಂಟಲು ಸರಿಮಾಡಿಕೊಂಡರು. “ಅವಳು ಕಲಿಯುವಾಗ ಎಂಜಿನ್ ಬಿಸಿಯಾದೀತು ಅಂತ ನಾನು ಅರ್ಧ ಲೀಟರ್ ಹಾಕಿದ್ದೆ.”

ಮಾವ ಅಪ್ಪನನ್ನು ನೋಡಿದರು. “ನೀವು ಹಾಕಿದ್ರಾ ಭಾವ? ಹೇಳಬಾರದಾ? ನಾನೂ ಒಂದು ಡಬ್ಬ ಹಾಕಿದ್ದೇನೆ ಮಾರಾಯ್ರೆ! ಹೆಂಗಸು ಓಡಿಸುವುದಲ್ವಾ, ಇರಲಿ ಅಂತ.”

ಪೊರ್ಬುಗಳು ನನ್ನ ಕಡೆ ತಿರುಗಿದರು. ನಾನೂ ಹಾಕಿದ್ದೆ. ಅದೇ ಕಾರಣಕ್ಕೆ, ಯಾರಿಗೂ ಹೇಳದೆ, ಕಡ್ಡಿ ನೋಡದೆ.

“ಮೂರು ಗಂಡಸರು ಸೇರಿ ಎಂಜಿನಿಗೆ ಸೀಮಂತ ಮಾಡಿದ್ದೀರಿ” ಎಂದರು ಅವರು. “ಅಕ್ಕಂದು ಎಂತದೂ ತಪ್ಪಿಲ್ಲ.”

ಅಮ್ಮ ಮೊದಲು ನಕ್ಕಳು. ಆಮೇಲೆ ಅಪ್ಪ. ಮಾವ ನಗು ತಡೆಯಲು ಹೋಗಿ ಸೋತು, ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಪೊರ್ಬುಗಳು ಕಾರಿನಡಿಗೆ ನುಸುಳಿ ನಟ್ಟು ಸಡಿಲಿಸಿ ಹೆಚ್ಚಿನ ಆಯಿಲನ್ನು ಹಳೆಯ ಡಬ್ಬಕ್ಕೆ ಇಳಿಸಿದರು, ಮಸಿ ಹಿಡಿದ ಪ್ಲಗ್ಗುಗಳನ್ನು ಉಜ್ಜಿ ಕೂರಿಸಿದರು. “ಸೈಲೆನ್ಸರಿನ ಒಳಗೆ ಸ್ವಲ್ಪ ಉಳಿದಿರ್ತದೆ. ಕೂಳೂರು ಸೇತುವೆಯವರೆಗೆ ಹೋಗಿ ಬನ್ನಿ, ಉರಿದು ಹೋಗ್ತದೆ” ಎಂದು ಕೀಲಿಯನ್ನು ಮಾವನಿಗಲ್ಲ, ಅಮ್ಮನ ಕೈಗೆ ಕೊಟ್ಟರು. ಹೋಗುವಾಗ ಹೊಗೆಯಿತ್ತು, ಬರುವಾಗ ಇರಲಿಲ್ಲ. ಸೋಮವಾರ ಅಮ್ಮ ಪಾಸಾದಳು.

ನನಗೆ ವಿಶ್ವವಿದ್ಯಾಲಯ ಸಂಶಯ ಪಡುವುದನ್ನು ಕಲಿಸಿತ್ತು, ಆದರೆ ನನ್ನ ಮೇಲೆ ಸಂಶಯ ಪಡುವುದನ್ನು ಕಲಿಸಿರಲಿಲ್ಲ. ಆ ಪಾಠ ನಮ್ಮ ಅಂಗಳದಲ್ಲಿ, ಮಸಿ ಮುಖದ ಒಬ್ಬರಿಂದ ಆಯಿತು. ಇಂದಿಗೂ ವಿದ್ಯಾರ್ಥಿಯ ಪ್ರಯೋಗ ಕೆಟ್ಟರೆ ನನ್ನ ಮೊದಲ ಪ್ರಶ್ನೆ “ಎಂದಿನಿಂದ?”, ಎರಡನೆಯದು “ನಾನೇನಾದರೂ ಮುಟ್ಟಿದ್ದೆನಾ?”

ಎಂಬತ್ತರ ದಶಕದ ನಡುವೆ ಪೊರ್ಬುಗಳು ತೀರಿಕೊಂಡರು. ಮಣ್ಣು ಕೊಟ್ಟದ್ದು ಅವರ ಹುಟ್ಟೂರಿನ ಇಗರ್ಜಿಯಲ್ಲಿ. ನಾನು ಆಗ ಊರಲ್ಲಿರಲಿಲ್ಲ. ಆದರೂ ಆ ದಿನದ ಒಂದು ಚಿತ್ರ ನನ್ನಲ್ಲಿತ್ತು. ನಾನು ಕಾಣದ್ದು, ಬಹುಶಃ ಆಸೆಯಿಂದ ಕಟ್ಟಿಕೊಂಡದ್ದು. ಕಳೆದ ವರ್ಷ ಅವರ ಹೆಂಡತಿಯನ್ನು ಹುಡುಕಿ ಹೋಗಿ ಕೇಳಿದೆ. ಅವರು ಯೋಚಿಸಲೂ ಇಲ್ಲ. ಹೌದು, ತಾವೇ ಇಗರ್ಜಿಯ ಮೆಟ್ಟಿಲಲ್ಲಿ ನಿಂತು ಕಂಡದ್ದಂತೆ. ಕಾರು ಓಡಿಸಿಕೊಂಡು ಬಂದದ್ದು ಅಮ್ಮ. ಪಕ್ಕದ ಸೀಟಿನಿಂದ ಇಳಿದದ್ದು ಮಾವ.