ಚೌಕಾಕಾರದ ಪ್ರವಾಹ

ನಮ್ಮ ತೇಪೆ ಒಡೆದ ಮೊಟ್ಟೆ ಸಿಕ್ಕರೂ ಅಂಟಿಸಿ, ಸದ್ದಿಲ್ಲದೆ ಕೋಳಿಯ ಕೆಳಗಿಟ್ಟು ಬರುತ್ತಿದ್ದಳು. ಕೋಳಿಗೆ ಅನುಮಾನವೇ ಬರುತ್ತಿರಲಿಲ್ಲ. ಪುರಾತತ್ವ ಓದುವ ಹುಡುಗಿ, ಮಡಕೆ ಚೂರು ಕಂಡರೆ ಜೋಡಿಸದೆ ಬಿಡಳು. ತೇಪೆ ಎಂದು ಹೆಸರಿಟ್ಟವಳು ಅವಳ ಅಕ್ಕ. ಊಟದ ಮೇಜಿನ ತುಂಬ ಚೂರುಗಳೇ ಹರಡಿರುತ್ತಿದ್ದುದರಿಂದ ವರ್ಷಗಟ್ಟಲೆ ನಿಂತೇ ಉಂಡವಳು ಪಾಪ.

ತೇಪೆಯ ಮಾರ್ಗದರ್ಶಕರು ಹೂಂ ಮೇಷ್ಟ್ರು. ಏನು ಬರೆದು ತೋರಿಸಿದರೂ "ಹೂಂ". ಓದಿದ್ದಾರೋ ಇಲ್ಲವೋ ಬ್ರಹ್ಮನಿಗೂ ತಿಳಿಯದು. ಮಂಡಿನೋವೆಂದು ಅವಳು ಅಗೆಯುತ್ತಿದ್ದ ದಿಬ್ಬದ ಕಡೆಗೂ ತಲೆ ಹಾಕಿರಲಿಲ್ಲ.

ಮುಂದಿನ ಅಗೆತದ ತಂಡದಲ್ಲಿ ವಿದ್ಯಾರ್ಥಿಗೆ ಇದ್ದದ್ದು ಒಂದೇ ಜಾಗ. ಸಮ್ಮೇಳನದಲ್ಲಿ ಯಾರ ಪ್ರಬಂಧ ಗೆಲ್ಲುತ್ತದೋ ಅವರಿಗೆ. ತೇಪೆ ಸೋತರೆ ಕೂರಿಸಲೆಂದು ಅಕ್ಕ ಆಗಲೇ ತನ್ನ ಬಟ್ಟೆ ಅಂಗಡಿಯ ಗಲ್ಲಾದ ಕುರ್ಚಿ ಒರೆಸಿಟ್ಟಿದ್ದಳು.

ಅವಳ ಸರದಿ ಬಂದದ್ದು ಊಟವಾದ ಮೇಲೆ. ಸಭೆಯ ಗೊರಕೆಗೆ ಕಿಟಕಿಯ ಪರದೆಗಳು ಉಬ್ಬಿ ಇಳಿಯುತ್ತಿದ್ದವು. ತನ್ನ ಗುಂಡಿಯ ಮಣ್ಣಿನ ಪದರಗಳು ಕಲಸುಮೇಲೋಗರವಾಗಿದ್ದನ್ನು ತೇಪೆ ಪರದೆಯ ಮೇಲೆ ತೋರಿಸಿದಳು. ತಳದಲ್ಲಿ ಸಿಕ್ಕಿದ್ದು ಕೆಂಪು ಗೆರೆಯ ಒಂದು ಪುಟ್ಟ ಬಿಳಿ ಗುಂಡುಕಲ್ಲು. ಮಹಾಪ್ರವಾಹವೊಂದು ಬಂದು ಎಲ್ಲವನ್ನೂ ಕಲಸಿಹಾಕಿದೆ ಎಂಬುದು ಅವಳ ವಾದ.

ಚರ್ಚೆ ಶುರುವಾಯಿತು. ಗುಂಡುಕಲ್ಲು ತಕ್ಕಡಿಯ ತೂಕದ ಬಟ್ಟು ಎಂದು ಒಬ್ಬ, ದೇವರ ಕಣ್ಣುಗುಡ್ಡೆಯೆಂದು ಇನ್ನೊಬ್ಬಳು. "ಒಂದೇ ಕಣ್ಣಿನ ದೇವರೇನೇ?" ಎಂದು ಅವನು. ಇತ್ತ ಮುಂದಿನ ಸಾಲಿನಲ್ಲಿ ಹೂಂ ಮೇಷ್ಟ್ರು ಕುಸಿಯುತ್ತ ಕುಸಿಯುತ್ತ, ಕುರ್ಚಿಯ ಮೇಲೆ ಕನ್ನಡಕವಷ್ಟೇ ಉಳಿದಿತ್ತು.

ಆಗ ಎದ್ದರು ಆದ್ರೆ ಮೇಷ್ಟ್ರು. ಹೂಂ ಮೇಷ್ಟ್ರ ಹಳೆಯ ಸಹಪಾಠಿ. ಹುಟ್ಟಿದಾಗ ಅತ್ತದ್ದೂ "ಆದ್ರೆ" ಎಂದೇ ಅಂತೆ.

"ಆದ್ರೆ ಅಮ್ಮಾ, ಕಲಸಿದ ಮಣ್ಣಿನ ಅಂಚು ಹೇಗಿದೆ?"

"ನಾಲ್ಕೂ ಕಡೆ ನೇರ, ಕತ್ತರಿಸಿದ ಹಾಗೆ ಸರ್."

"ಅಂದ್ರೆ ಚೌಕಾಕಾರದ ಪ್ರವಾಹ! ನೀರು ಅಳತೆಪಟ್ಟಿ ಹಿಡ್ಕೊಂಡು ಬಂತೇನಮ್ಮಾ?"

ಸಭೆ ಎಚ್ಚರಗೊಂಡು ನಕ್ಕಿತು. ತೇಪೆಯ ಕಣ್ಣ ಮುಂದೆ ಅಕ್ಕನ ಗಲ್ಲಾದ ಕುರ್ಚಿ ಸುಳಿಯಿತು.

ಅಗೆಯುವವರಲ್ಲಿ ಒಂದು ಪದ್ಧತಿಯುಂಟು. ಕೆಲಸ ಮುಗಿದ ಗುಂಡಿಯನ್ನು ಮುಚ್ಚುವ ಮುನ್ನ ತಳದಲ್ಲಿ ತಮ್ಮ ಕಾಲದ ನಾಣ್ಯವೊಂದನ್ನು ಇಡುತ್ತಾರೆ. ಇಲ್ಲಿ ಅಗೆದಾಗಿದೆ, ಸುಮ್ಮನೆ ಬೆವರು ಸುರಿಸಬೇಡಿ ಎಂದು ಮುಂದಿನವರಿಗೆ ಸೂಚನೆ.

"ನಾಣ್ಯ ಸಿಕ್ಕಿದ್ರೆ ಯಾರೋ ಅಗೆದು ಮುಚ್ಚಿದ ಗುಂಡಿ ಅಂತಿದ್ದೆ," ಎಂದರು ಆದ್ರೆ ಮೇಷ್ಟ್ರು. "ಆದ್ರೆ ಕಲ್ಲು ಇಟ್ಟು ಹೋಗೋ ಪೆದ್ದ ಯಾರಿದ್ದಾನೆ?"

ಬಾಯಿ ಮುಚ್ಚಿಕೊಂಡಿದ್ದರೆ ಹೂಂ ಮೇಷ್ಟ್ರ ಮಾನ ಉಳಿಯುತ್ತಿತ್ತು. ಆದರೆ ವೇದಿಕೆಯ ಮೇಲೆ ಶಿಷ್ಯೆಯ ಮುಖ ಸುಣ್ಣದಂತಾಗಿತ್ತು.

"ನಾನೇ ಕಣೋ," ಎಂದು ಕನ್ನಡಕ ಮೇಲೆದ್ದಿತು. "ಓದೋ ಕಾಲದಲ್ಲಿ ಅಗೆದಿದ್ದೆ. ಜೇಬಲ್ಲಿ ನಾಣ್ಯ ಇರ್ಲಿಲ್ಲ, ಗೋಲಿ ಇತ್ತು. ಗುಂಡಿ ಎಲ್ಲಿತ್ತು ಅನ್ನೋ ನಕ್ಷೆ ಕಳೆದುಹೋಯ್ತು."

ಆದ್ರೆ ಮೇಷ್ಟ್ರು ಪರದೆಯ ಹತ್ತಿರ ಹೋಗಿ ಕೆಂಪು ಗೆರೆಗೆ ಮೂಗು ಒತ್ತಿದರು. "ಲೋ! ನನ್ನ ಗೋಲಿ! ಕಾಗೆ ಎತ್ಕೊಂಡು ಹೋಯ್ತು ಅಂದಿದ್ಯಲ್ಲೋ!"

"ನಂಬಿದ್ದು ನಿನ್ನ ತಪ್ಪು."

ಎರಡು ನರೆತ ತಲೆಗಳು ಡಿಕ್ಕಿ ಹೊಡೆಯುವಷ್ಟರಲ್ಲಿ ತೇಪೆ ಮೈಕು ತಟ್ಟಿದಳು.

"ಸರ್, ಜಗಳ ಆಮೇಲೆ. ಪ್ರವಾಹ ವಾಪಸ್ ತಗೊಂಡೆ. ಆದರೆ ಕಳೆದುಹೋದ ಗುಂಡಿ ಎಲ್ಲಿದೆ ಅಂತ ಈಗ ಗೊತ್ತಿರೋದು ನನಗೊಬ್ಬಳಿಗೇ. ಅದರ ಗೋಡೆಯಲ್ಲೇ ಕಾಣುತ್ತೆ, ಆಚೆ ಕಡೆ ಯಾರೂ ಮುಟ್ಟದ ಪದರಗಳು ಸಾಲಾಗಿವೆ. ಮುಂದಿನ ಸಲ ಎಲ್ಲಿ ಅಗೀಬೇಕು ಅಂತ ಬೆರಳಿಟ್ಟು ತೋರಿಸ್ತೀನಿ."

"ಆದ್ರೆ..." ಎಂದರು ಆದ್ರೆ ಮೇಷ್ಟ್ರು. ಅದರ ಮುಂದೆ ಏನೂ ಹೊಳೆಯದೆ ಕೂತದ್ದು ಜನ್ಮದಲ್ಲಿ ಅದೇ ಮೊದಲು. ಜಾಗ ತೇಪೆಯದಾಯಿತು.

"ನನ್ನ ಗೋಲಿನಾದ್ರೂ ಕೊಡಮ್ಮಾ."

"ಸಂಖ್ಯೆ ಹಾಕಾಯ್ತು ಸರ್. ಇನ್ನು ಅದು ಮ್ಯೂಸಿಯಂದು."

ಮುಂದಿನ ಅಗೆತಕ್ಕೆ ಹೂಂ ಮೇಷ್ಟ್ರು ಮಂಡಿನೋವು ಮರೆತು ಹೋದರು. ತೇಪೆ ತನ್ನ ಗುಂಡಿಯ ತಳದಲ್ಲಿ ಪದ್ಧತಿಯಂತೆ ನಾಣ್ಯವನ್ನು ಡಬ್ಬಿಯೊಂದರಲ್ಲಿ ಹಾಕಿ ಇಟ್ಟು ಮುಚ್ಚಿಸಿದಳು. ಅಂದಿನಿಂದ ಮೇಷ್ಟ್ರು ತಮ್ಮ ಕನ್ನಡಕದ ಡಬ್ಬಿ ಹುಡುಕುತ್ತಲೇ ಇದ್ದಾರೆ. ಕೇಳಿದಾಗಲೆಲ್ಲ ತೇಪೆ ಆಕಾಶ ನೋಡುತ್ತಾಳೆ.

"ಕಾಗೆ ಎತ್ಕೊಂಡು ಹೋಗಿರ್ಬೇಕು ಸರ್."